ಪ್ರಯಾಣಭತ್ಯೆಯೂ ಕಾಯಕಶುದ್ಧಿಯೂ



ಧರ್ಮಸೂಕ್ಷ್ಮವು ಮಹತ್ತಾದ ಪ್ರಸಂಗಗಳಲ್ಲಿ ಮಾತ್ರವೇ ತಲೆದೋರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಸಂಸಾರಿಯಾದವನು ನಿತ್ಯವೂ ಎದುರಿಸುವ ಧರ್ಮಸಂಕಟಗಳು ಬಹುಮಟ್ಟಿಗೆ ಸಣ್ಣ ಚೀಟಿಗಳ ಮೇಲೆ, ಬಿಲ್ಲುಗಳ ಮೇಲೆ ಬರೆದಿರುತ್ತವೆ. ಕೆಲವು ತಿಂಗಳ ಹಿಂದೆ ಶ್ರೀಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ಚಾಮರಾಜನಗರದಲ್ಲಿ ಉದ್ಯೋಗದಲ್ಲಿರುವ ಒಬ್ಬರು ದರ್ಶನಕ್ಕೆ ಬಂದಿದ್ದರು. ಪ್ರಸಾದವಾದ ಬಳಿಕ ಸಂಕೋಚದಿಂದ ಕೇಳಿದರು: “ಬುದ್ಧಿ, ಕಚೇರಿಯ ಕೆಲಸಕ್ಕೆ ನನ್ನ ಸ್ವಂತ ಕಾರಿನಲ್ಲಿ ಗುಂಡ್ಲುಪೇಟೆಗೆ ಹೋಗಿಬರುತ್ತೇನೆ. ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತಾರೆ. ಪೆಟ್ರೋಲಿಗೆ ಅಷ್ಟೂ ಆಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ. ಆ ಉಳಿದದ್ದು ನನ್ನದೋ, ಅಲ್ಲವೋ?”

ದೂರವನ್ನು ಸರಿಯಾಗಿ ಬರೆದಿದ್ದರೆ ನಿಮ್ಮದೇ ಎಂದು ಹೇಳಿ ಕಳುಹಿಸಿದೆವು. ಅವರು ಸಮಾಧಾನದಿಂದ ಹೋದರು. ಆ ಪ್ರಶ್ನೆ ಮಾತ್ರ ನಮ್ಮ ಬಳಿಯೇ ಉಳಿಯಿತು.

ಗುಂಡ್ಲುಪೇಟೆಗೆ ರೈಲಿಲ್ಲ. ಮೈಸೂರಿನಿಂದ ಹೊರಟ ರೈಲುಹಾದಿ ಚಾಮರಾಜನಗರದಲ್ಲಿಯೇ ನಿಲ್ಲುತ್ತದೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದ ಮೇಲೆ, ಹಿಂದೆ ಮೈಸೂರಿಗೆ ಹೋಗುತ್ತಿದ್ದ ಜಿಲ್ಲಾ ಕಚೇರಿಯ ಕೆಲಸಗಳೆಲ್ಲ ತೆರಕಣಾಂಬಿಯ ರಸ್ತೆಗೆ ಬಂದವು. ಹೋಗಿಬರುವುದಕ್ಕೆ ಸುಮಾರು 70 ಕಿಲೋಮೀಟರು. ಬಸ್ಸಿಗೆ ಕಾದರೆ ದಿನವೇ ಕಳೆಯುವುದೆಂದು ಸ್ವಂತ ಕಾರು, ಸ್ಕೂಟರು ಏರುವವರು ಬಹಳ. ಆ ವಾಹನವು ಅವರ ಮನೆಯ ಸೊತ್ತು. ಆದರೆ ಆ ದಿನದ ಮಟ್ಟಿಗೆ ಅದು ಧಣಿಯ ಕೆಲಸ ಮಾಡುತ್ತದೆ. ಆ ಒಂದು ದಿನದ ಲೆಕ್ಕವೇ ನಮ್ಮ ವಿಷಯ.

ಭತ್ಯೆ ಎಂಬ ಶಬ್ದವನ್ನೇ ಮೊದಲು ನೋಡೋಣ. ಸಂಸ್ಕೃತದಲ್ಲಿ ‘ಭಕ್ತ’ ಎಂದರೆ ಶರಣಾದವನು ಮಾತ್ರವಲ್ಲ, ಬೇಯಿಸಿದ ಅನ್ನವೂ ಹೌದು. ಇಂಗ್ಲಿಷರು ‘ಬಟ್ಟಾ’ ಎಂದು ಕರೆದ ಪ್ರಯಾಣದ ಹೆಚ್ಚುವರಿ ಸಂಬಳಕ್ಕೆ ಕನ್ನಡದ ಭತ್ತವೇ ಮೂಲವಿರಬೇಕೆಂದು 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶವು ಹೇಳುತ್ತದೆ. ಮನೆ ಬಿಟ್ಟು ಹೊರಟವನಿಗೆ ದಾರಿಯ ಅನ್ನವೆಂದು ಕೊಟ್ಟದ್ದು ಕ್ರಮೇಣ ಹಕ್ಕಾಗಿ, ಕೆಲವೆಡೆ ಲಾಭವಾಗಿ ಮಾರ್ಪಟ್ಟಿತು. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಗಳಿಗೆ ಸಲ್ಲುತ್ತಿದ್ದ ಇಮ್ಮಡಿ ಭತ್ಯೆಯನ್ನು ಕ್ಲೈವನು 1766ರಲ್ಲಿ ನಿಲ್ಲಿಸಿದಾಗ, ಅವರು ಒಟ್ಟಾಗಿ ರಾಜೀನಾಮೆ ಕೊಡುವ ಸಂಚನ್ನೇ ಹೂಡಿದರು. ದಾರಿಯ ಅನ್ನಕ್ಕೆ ಒಗ್ಗಿದ ಕೈ ಅದನ್ನು ಬಿಡಲೊಲ್ಲದು!

ಇನ್ನು ಆ ಭಕ್ತರ ‘ಉಳಿದದ್ದ’ರ ವಿಚಾರ. ಪೆಟ್ರೋಲು ಲೀಟರಿಗೆ 100 ರೂಪಾಯಿ ಎಂದೂ ಕಾರು ಒಂದು ಲೀಟರಿನಲ್ಲಿ 16 ಕಿಲೋಮೀಟರು ಓಡುವುದೆಂದೂ ಇಟ್ಟುಕೊಳ್ಳೋಣ. ಕಿಲೋಮೀಟರಿಗೆ 6 ರೂಪಾಯಿ 25 ಪೈಸೆ. ಕಣ್ಣಿಗೆ ಕಾಣುವ ಖರ್ಚು ಇಷ್ಟೇ. ಆದರೆ 16,000 ರೂಪಾಯಿಯ ನಾಲ್ಕು ಟೈರುಗಳು 40,000 ಕಿಲೋಮೀಟರು ಬಾಳಿದರೆ ಕಿಲೋಮೀಟರಿಗೆ 40 ಪೈಸೆ ರಸ್ತೆಯಲ್ಲಿ ಸವೆದುಹೋಗುತ್ತದೆ. ಎಣ್ಣೆ, ಬ್ರೇಕು, ದುರಸ್ತಿಗೆ ಒಂದು ರೂಪಾಯಿ. 6 ಲಕ್ಷಕ್ಕೆ ಕೊಂಡ ಕಾರನ್ನು ಒಂದೂವರೆ ಲಕ್ಷ ಕಿಲೋಮೀಟರು ಓಡಿಸಿ ಒಂದೂವರೆ ಲಕ್ಷಕ್ಕೆ ಮಾರಿದರೆ ಕಿಲೋಮೀಟರಿಗೆ 3 ರೂಪಾಯಿ ಬೆಲೆ ಇಳಿದಂತಾಯಿತು. ನಿಂತಲ್ಲಿಯೇ ನಿಂತರೂ ಕಾರಿಗೆ ಮುಪ್ಪು ಬರುತ್ತದೆಯಾದ್ದರಿಂದ ಅದರಲ್ಲಿ ಅರ್ಧವನ್ನಷ್ಟೇ ರಸ್ತೆಯ ತಲೆಗೆ ಹೊರಿಸೋಣ. ಮನೆಯವರಿಗಾಗಿ ಹೇಗೂ ಕಟ್ಟಬೇಕಾಗಿದ್ದ ವಿಮೆಯನ್ನು ಬಿಟ್ಟೇಬಿಡೋಣ. ಆದರೂ ಪೆಟ್ರೋಲಿನ ಹೊರತಾಗಿ ಕಿಲೋಮೀಟರಿಗೆ 2 ರೂಪಾಯಿ 90 ಪೈಸೆ ಆಗುತ್ತದೆ. ಗುಂಡ್ಲುಪೇಟೆಗೆ ಒಮ್ಮೆ ಹೋಗಿಬಂದರೆ 203 ರೂಪಾಯಿ. ಆ ಭಕ್ತರು ಉಳಿಯಿತೆಂದು ತಿಳಿದದ್ದು ವಸ್ತುತಃ ಉಳಿದದ್ದಲ್ಲ. ಟೈರಿಗೂ ಯಂತ್ರಕ್ಕೂ ಮುಂದೆ ಸಲ್ಲಬೇಕಾದ ಋಣವು ಮುಂಚಿತವಾಗಿ ಅವರ ಜೇಬಿಗೆ ಬಂದದ್ದು.

1922ರ ಜನವರಿ 1ರಿಂದ ಜಾರಿಗೆ ಬಂದ ಸರ್ಕಾರಿ ನೌಕರರ ಮೂಲನಿಯಮಗಳಲ್ಲಿ 44ನೆಯ ನಿಯಮವು ಇಂಥ ಭತ್ಯೆಯು ಒಟ್ಟಾರೆಯಾಗಿ ಪಡೆಯುವವನಿಗೆ ಲಾಭದ ಮೂಲವಾಗಬಾರದೆಂದು ವಿಧಿಸಿತು. ‘ಒಟ್ಟಾರೆಯಾಗಿ’ ಎಂಬ ಆ ಒಂದು ಮಾತಿನಲ್ಲಿ ಬಹಳ ವಿವೇಕವಿದೆ. ಒಂದು ಪ್ರಯಾಣದಲ್ಲಿ ನಾಲ್ಕು ಕಾಸು ಮಿಕ್ಕೀತು, ಇನ್ನೊಂದರಲ್ಲಿ ಕೈಯಿಂದ ಹೋದೀತು. ಪೈಸೆ ಪೈಸೆಯನ್ನು ತೂಗುತ್ತ ಕುಳಿತರೆ ಕೆಲಸ ಸಾಗದು. 1961ರ ಆದಾಯ ತೆರಿಗೆಯ ಕಾಯಿದೆಯಾದರೋ ಇನ್ನಷ್ಟು ಬಿಗಿ. ಕರ್ತವ್ಯದ ನಿಮಿತ್ತ ಕೊಟ್ಟ ಇಂಥ ಭತ್ಯೆಗೆ ಅದು ವಿನಾಯಿತಿ ಕೊಟ್ಟದ್ದು ಆ ಕರ್ತವ್ಯಕ್ಕಾಗಿ ನಿಜವಾಗಿ ವೆಚ್ಚವಾದ ಮಟ್ಟಿಗೆ ಮಾತ್ರ.

ಹಾಗಾದರೆ ತಪ್ಪು ಎಲ್ಲಿಂದ ಆರಂಭವಾಗುತ್ತದೆ? ಒಂದೇ ಕಾರಿನಲ್ಲಿ ಮೂವರು ಹೋಗಿ ಮೂವರೂ ಮೂರು ಬಿಲ್ಲು ಬರೆದಾಗ. ಬಸ್ಸಿನಲ್ಲಿ ಹೋಗಿ ಕಾರಿನ ಲೆಕ್ಕ ಕೊಟ್ಟಾಗ. ನೆಂಟರ ಮದುವೆಯ ದಾರಿಯನ್ನು ಕಚೇರಿಯ ದಾರಿಗೆ ಸೇರಿಸಿದಾಗ. ದೂರವನ್ನೂ ಕಣ್ಣುಮುಚ್ಚಿ ನಿರ್ಣಯಿಸಲಾಗದು. ಬಂಡೀಪುರದ ಅರಣ್ಯದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸುಲ್ತಾನ್ ಬತ್ತೇರಿಯಲ್ಲಿ ಧಣಿಯ ಕೆಲಸ ತಡವಾಗಿ ಗೋಣಿಕೊಪ್ಪಲಿನ ಕಡೆಯಿಂದ ಸುತ್ತಿ ಬಂದವನ ಲೆಕ್ಕವನ್ನು, ಹತ್ತಿರದ ದಾರಿ ಇಷ್ಟೇ ಎಂದು ಕಡಿತಗೊಳಿಸುವ ಗುಮಾಸ್ತನೂ ಅನ್ಯಾಯವನ್ನೇ ಮಾಡುತ್ತಾನೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರಸಂಗವನ್ನು ತಾವೆಲ್ಲ ಬಲ್ಲಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದಳು. ನಾವು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಇದನ್ನು ಕುರಿತು ಅತ್ಯಂತ ಉತ್ಸಾಹದಿಂದ ವಾದಿಸಿದ್ದುಂಟು. ಭತ್ಯೆಯ ಬಿಲ್ಲಿಗೆ ಇದನ್ನು ಹಚ್ಚಿ ನೋಡಬೇಕೆಂದು ಆಗ ಹೊಳೆದಿರಲಿಲ್ಲ. ಅದು ಕದ್ದ ಅಕ್ಕಿಯಲ್ಲ, ಯಾರೂ ಕೇಳುವವರಿರಲಿಲ್ಲ. ಲಕ್ಕಮ್ಮ ಕೇಳಿದ್ದು ಅದು ಯಾರದೆಂದಲ್ಲ, ಆ ದಿನದ ಕಾಯಕಕ್ಕೆ ಅದೆಷ್ಟು ಬೇಕೆಂದು. ಆಕೆಯ ತಕ್ಕಡಿಯಲ್ಲಿ ತೂಗಿದರೆ ಟೈರಿನ ಹಣ ಹೆಚ್ಚಿನ ಅಕ್ಕಿಯಲ್ಲ. ಮೂರನೆಯ ಬಿಲ್ಲು ಹೆಚ್ಚಿನ ಅಕ್ಕಿ.

ಇಷ್ಟು ಬರೆದು ನಿಲ್ಲಿಸಬಹುದಾಗಿತ್ತು. ಆದರೆ ನೌಕರನಿಗೆ ಬುದ್ಧಿ ಹೇಳುವ ಕೈ ಧಣಿಯ ಲೆಕ್ಕವನ್ನೂ ತೆರೆಯಬೇಕಷ್ಟೆ. ಆ ಧಣಿ ನಾವೇ ಆಗಿದ್ದೆವು.

ನಮ್ಮ ಆಡಳಿತಕ್ಕೆ ಸೇರಿದ ಗುಂಡ್ಲುಪೇಟೆ ಕಡೆಯ ಶಾಲೆಯ ಹಿರಿಯ ಉಪಾಧ್ಯಾಯರೊಬ್ಬರು ಶಾಲೆಯ ಕಾಗದಪತ್ರಗಳನ್ನು ತಮ್ಮ ಕಾರಿನಲ್ಲಿ ಚಾಮರಾಜನಗರಕ್ಕೆ ಒಯ್ಯುತ್ತಿದ್ದರು. ತಿಂಗಳಿಗೆ ಎರಡು ಸಲವಾದರೂ ಆಗುತ್ತಿತ್ತು. ಪೆಟ್ರೋಲಿನ ರಸೀದಿ ತಂದರೆ ಅಷ್ಟನ್ನು ಕೊಡುವುದು ನಮ್ಮ ಪದ್ಧತಿ. ಅವರು ಎಂದೂ ಹೆಚ್ಚು ಕೇಳಲಿಲ್ಲ. ನಾವು ಸಭೆಗಳಲ್ಲಿ ಅವರ ಸೇವಾಭಾವವನ್ನು ಕೊಂಡಾಡಿದೆವು, ಶಾಲು ಹೊದಿಸಿದೆವು. ಮೇಲಿನ ಲೆಕ್ಕವನ್ನು ಅವರ ಏಳು ವರ್ಷಗಳ ಓಡಾಟಕ್ಕೆ ಹಚ್ಚಿ ನೋಡಿದಾಗ ಇಂದಿನ ದರದಲ್ಲಿ 34,000 ರೂಪಾಯಿಗೂ ಮೇಲಾಯಿತು. ಅಷ್ಟು ಅಕ್ಕಿಯನ್ನು ಅವರ ಮನೆಯ ಕಣಜದಿಂದ ನಾವು ಉಂಡಿದ್ದೆವು, ಅವರಿಗೂ ತಿಳಿಯದಂತೆ, ನಮಗೂ ತಿಳಿಯದಂತೆ.

ಅದು ದಾಸೋಹವಲ್ಲವೇ ಎಂದು ಕೆಲವರು ಕೇಳಬಹುದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ವ್ಯವಸ್ಥೆ ಇಲ್ಲಿ ನೆನಪಾಗುತ್ತದೆ. ಅಲ್ಲಿಯ ತೆರಿಗೆ ಇಲಾಖೆಯು ಉದ್ಯೋಗದ ಓಡಾಟಕ್ಕೆ 2025ರಲ್ಲಿ ಮೈಲಿಗೆ 70 ಸೆಂಟು ಗೊತ್ತುಮಾಡಿತ್ತು. ಧರ್ಮಸಂಸ್ಥೆಗಾಗಿ ಓಡಾಡಿದವನು ತನ್ನ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳಬಹುದಾದದ್ದು 14 ಸೆಂಟು ಮಾತ್ರ. ಮಿಕ್ಕ ಸವೆತ ಅವನ ಕೊಡುಗೆಯೇ ಎನ್ನಬಹುದು. ಆದರೆ ಆ ಎರಡು ಅಂಕಿಗಳೂ ಅವನ ಕಣ್ಣಮುಂದಿರುತ್ತವೆ. ಎಷ್ಟು ಕೊಡುತ್ತಿದ್ದೇನೆಂದು ಬಲ್ಲವನಾಗಿಯೇ ಅವನು ಕೊಡುತ್ತಾನೆ. ನಮ್ಮ ಉಪಾಧ್ಯಾಯರಿಗೆ ನಾವು ಆ ಅಂಕಿಯನ್ನು ತೋರಿಸಿರಲಿಲ್ಲ. ಕೊಡುವವನು ಅರಿಯದೆ ಅವನಿಂದ ಪಡೆದದ್ದನ್ನು ದಾಸೋಹವೆಂದು ಕರೆಯಲು ನಮಗೆ ಬಾಯಿ ಬರಲಿಲ್ಲ. ಮೋಟಾರು ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗುವ, ಪೆಟ್ರೋಲಿನ ದುಡ್ಡೂ ಪೂರ್ತಿ ಸಿಕ್ಕದ ಎಳೆಯ ನೌಕರರನ್ನು ನೆನೆದರಂತೂ, ಅವರ ಧಣಿಗಳಿಗೆ ಉಪದೇಶ ಮಾಡುವ ಮುನ್ನ ನಮ್ಮ ಪುಸ್ತಕವನ್ನು ತಿದ್ದಬೇಕೆನಿಸಿತು.

ಅವರನ್ನು ಕರೆಸಿ ಲೆಕ್ಕವನ್ನು ಮುಂದಿಟ್ಟೆವು. “ಇರಲಿ ಬಿಡಿ ಬುದ್ಧಿ, ಮಠಕ್ಕೇ ಆಯಿತಲ್ಲ” ಎಂದರು. ಮೊದಲು ನಿಮ್ಮ ಕೈಗೆ ತೆಗೆದುಕೊಳ್ಳಿ, ಅನಂತರ ನಿಮ್ಮ ಇಚ್ಛೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೈರು ಹಾಕಿಸುವುದಿತ್ತು” ಎಂದು ನಕ್ಕು ಹಣವನ್ನು ತೆಗೆದುಕೊಂಡರು. ಆ ನಗುವಿನಿಂದ ನಮಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಈಗ ಶಾಲೆಯಲ್ಲಿ ಒಂದು ಪುಸ್ತಕವಿದೆ. ದಿನಾಂಕ, ಹೋದ ಊರು, ಕೆಲಸ, ಹೊರಟಾಗ ಮತ್ತು ಬಂದಾಗ ಮೀಟರಿನ ಅಂಕಿ ಬರೆಯಬೇಕು. ಪೆಟ್ರೋಲು ಮತ್ತು ಸವೆತ ಎರಡನ್ನೂ ಸೇರಿಸಿದ ದರದಲ್ಲಿ ಹಣ ಸಲ್ಲುತ್ತದೆ. ಹೊಸ ಕ್ರಮದಲ್ಲಿ ಆ ಉಪಾಧ್ಯಾಯರು ಕೊಟ್ಟ ಮೊದಲ ಬಿಲ್ಲು ನಮ್ಮ ಸಹಿಗೆ ಬಂದಿತ್ತು. ಕೆಳಗೆ ತಮ್ಮ ದುಂಡನೆಯ ಅಕ್ಷರದಲ್ಲಿ, ಸಂಜೆ ಊರಿಗೆ ಮರಳಿದ ಮೇಲೆ ಹಂಗಳದವರೆಗೆ ಹೋಗಿಬಂದದ್ದು ಸ್ವಂತ ಕೆಲಸ, ಅದನ್ನು ಕಳೆದಿದೆ ಎಂದು ಬರೆದಿದ್ದರು.