ಹಾಡು ಯಾರ ಸೊತ್ತು?

ಮನೆ ಕಟ್ಟಿಸಿದವನಿಗೆ ಮನೆ ಸೇರುತ್ತದೆ. ಹೊಲ ಕೊಂಡವನಿಗೆ ಹೊಲ ಸೇರುತ್ತದೆ. ಹಾಡು ಯಾರಿಗೆ ಸೇರಬೇಕು? ಕಟ್ಟಿದವನಿಗೋ, ಹಾಡಿದವನಿಗೋ, ಕೇಳಿ ನೆನಪಿಟ್ಟವನಿಗೋ? ಕಾಯಿದೆಯಲ್ಲಿ ಇದಕ್ಕೆ ಉತ್ತರವುಂಟು. ಆದರೆ ಕಾಯಿದೆ ಹಣದ ಲೆಕ್ಕವನ್ನು ಹೇಳುತ್ತದೆ. ನನಗೆ ಬೇಕಾದದ್ದು ಋಣದ ಲೆಕ್ಕ.

ಶಿಶುನಾಳದ ಷರೀಫರ (1819–1889) ತತ್ತ್ವಪದಗಳು ಬಹುಮಟ್ಟಿಗೆ ಉಳಿದುಬಂದದ್ದು ಭಜನಾಮೇಳಗಳ ಬಾಯಲ್ಲಿ. ಒಬ್ಬ ಏಕತಾರಿ ಹಿಡಿದು ಪಲ್ಲವಿಯನ್ನೆತ್ತುತ್ತಾನೆ. ಉಳಿದವರು ತಾಳ ಹಾಕುತ್ತ ಅದನ್ನೇ ತಿರುಗಿ ಹಾಡುತ್ತಾರೆ. ಕೇಳುವವರ ಪಂಗಡ, ಹಾಡುವವರ ಪಂಗಡ ಎಂಬ ಭೇದ ಅಲ್ಲಿ ಇಲ್ಲವೆಂದೇ ಹೇಳಬೇಕು.

ಈ ಪದಗಳು ಬೆಂಗಳೂರಿಗರ ಮನೆಗಳಿಗೆ ಬಂದ ದಾರಿ ಬೇರೆ. ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಹಳೇ ಮದರಾಸು ರಸ್ತೆಯ ದೂರವಾಣಿನಗರದಲ್ಲಿ, 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಿದೆ. ನಾಡಿಗೆಲ್ಲ ಟೆಲಿಫೋನು ಮಾಡಿಕೊಟ್ಟ ಈ ಸಂಸ್ಥೆಯಲ್ಲಿ ಸಿ. ಅಶ್ವತ್ಥ್ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಉದ್ಯೋಗ ಅನ್ನಕ್ಕೆ, ಉಳಿದ ಹೊತ್ತೆಲ್ಲ ಸಂಗೀತಕ್ಕೆ. ನಾಟಕಗಳಿಗೆ ಮಟ್ಟು ಹಾಕಿದರು; 1977ರ ‘ಕಾಕನಕೋಟೆ’ ಚಿತ್ರಕ್ಕೆ ಸಂಗೀತ ಕೊಟ್ಟರು. ಶಿವಮೊಗ್ಗ ಸುಬ್ಬಣ್ಣ ಮೊದಲಾದ ಸಂಗಡಿಗರೊಡನೆ ಅವರು ಹಾಡಿದ ಷರೀಫರ ಪದಗಳು ಕ್ಯಾಸೆಟ್ಟುಗಳಲ್ಲಿ ಊರೂರು ಸುತ್ತಿದುವು. ಅವರದೇ ಸಂಗೀತವಿದ್ದ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ಬಂದು, ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯನ್ನು ಪಡೆಯಿತು. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ನೆರೆಯಿತು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅಶ್ವತ್ಥರು ತೀರಿಕೊಂಡರು.

ಇಂಥ ಕೀರ್ತಿಯ ಮೇಲೆ ಕೆಲವರಿಗೆ ಒಂದು ಆಕ್ಷೇಪಣೆ: ಏಕತಾರಿಯ ಪದಕ್ಕೆ ವಾದ್ಯಗಳ ಒಡವೆ ತೊಡಿಸಿ, ಬೈರಾಗಿಯನ್ನು ಮದುವಣಿಗನನ್ನಾಗಿ ಮಾಡಿದರು ಎಂದು. ನನಗೆ ಇದು ದೊಡ್ಡ ಆಕ್ಷೇಪಣೆಯಾಗಿ ತೋರುವುದಿಲ್ಲ. ಒಡವೆಯನ್ನು ಕಳಚಬಹುದು. ನನ್ನನ್ನು ಕಾಡುವ ಸಂಗತಿ ಬೇರೊಂದು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ಹಾವೇರಿ ಕಡೆಯಿಂದ ಬಂದು ನೆಲಸಿದ ಮನೆಯೊಂದರ ಹುಡುಗಿ ನನ್ನ ತರಗತಿಯಲ್ಲಿದ್ದಳು. ಕಾಲೇಜಿನ ಸಮಾರಂಭದಲ್ಲಿ ಷರೀಫರ ಒಂದು ಪದವನ್ನು ಸೊಗಸಾಗಿ ಹಾಡಿದಳು. ಎಲ್ಲಿ ಕಲಿತೆಯಮ್ಮ ಎಂದು ಕೇಳಿದೆ. “ಅಶ್ವತ್ಥ್ ಅವರ ಹಾಡು ಕೇಳಿ ಕಲತೇನ್ರಿ ಸರ್. ನಮ್ಮ ಅಜ್ಜಿನೂ ಹಾಡ್ತಾಳ್ರಿ. ಆದ್ರ ಆಕಿ ಧಾಟಿ ತಪ್ಪದರಿ,” ಎಂದಳು.

ಅಜ್ಜಿಯ ಧಾಟಿ ತಪ್ಪಾದದ್ದು ಯಾವಾಗ? ಮೊಮ್ಮಗಳು ಇನ್ನೊಂದನ್ನು ಕೇಳಿದ ದಿನ. ಕೀರ್ತಿ ಮಾಡುವ ಅನ್ಯಾಯ ಇಂಥದು. ಅದು ಬೇರೆಯವರ ಬಾಯಿಗೆ ಬೀಗ ಹಾಕುವುದಿಲ್ಲ. ಅವರೇ ನಾಚಿ ಬಾಯಿ ಮುಚ್ಚುವಂತೆ ಮಾಡುತ್ತದೆ. ನಲ್ಲಿ ಬಂದ ಮೇಲೆ ಬಾವಿಯನ್ನು ಯಾರೂ ಹೂಳಬೇಕಾಗಿಲ್ಲ. ಸೇದುವವರಿಲ್ಲದೆ ಅದು ತಾನೇ ಪಾಳು ಬೀಳುತ್ತದೆ.

ಹಾಗೆಂದು ದೋಷವನ್ನು ಗಾಯಕರ ತಲೆಗೆ ಕಟ್ಟುವುದು ಸರಿಯಲ್ಲ. ಅಜ್ಜಿ ಹಾಡಬಾರದೆಂದು ಅಶ್ವತ್ಥರು ಹೇಳಿದವರಲ್ಲ. ಅವರ ಕಂಠ ಇಲ್ಲದಿದ್ದರೆ, ಹುಬ್ಬಳ್ಳಿಯಾಚೆಯ ನಾಡನ್ನು ಕಾಣದ ನಮ್ಮಂಥ ಎಷ್ಟೋ ಮಂದಿಗೆ ಷರೀಫರು ಪಠ್ಯಪುಸ್ತಕದ ಒಂದು ಹೆಸರಾಗಿಯೇ ಉಳಿಯುತ್ತಿದ್ದರು. ಅವರು ಒಂದು ಧಾಟಿಯನ್ನು ಕೊಟ್ಟರು. ಅದೊಂದೇ ಧಾಟಿ ಎಂದು ತೀರ್ಪು ಕೊಟ್ಟವರು ಕೇಳುಗರಾದ ನಾವು. ಸುಲಭವಾಗಿ ಸಿಕ್ಕಿದ್ದನ್ನೇ ಶುದ್ಧವಾದದ್ದೆಂದು ನಂಬುವುದು ಪಟ್ಟಣದವರ ಹಳೆಯ ಸೋಮಾರಿತನ.

ಷರೀಫರ ಅಂಕಿತವನ್ನು ಗಮನಿಸಬೇಕು. ಪದದ ಕೊನೆಯಲ್ಲಿ ಅವರು ತಮ್ಮ ಹೆಸರನ್ನಿಡದೆ ಶಿಶುನಾಳಧೀಶನ ಹೆಸರನ್ನಿಟ್ಟರು. ಕಟ್ಟಿದವನೇ ತನ್ನದೆನ್ನದೆ ಒಪ್ಪಿಸಿಬಿಟ್ಟ ವಸ್ತುವನ್ನು ಹಾಡಿದವನು ತನ್ನದೆನ್ನುವುದು ಹೇಗೆ? ಕೇಳಿದವನು ಇಂಥವರದೆಂದು ಪಟ್ಟ ಕಟ್ಟುವುದು ಹೇಗೆ? ಹಾಡು ಕೈಯಿಂದ ಕೈಗೆ ಬರುವ ನಂಬುಗೆಯ ಗಂಟು. ಅದನ್ನು ಹೊತ್ತು ನಡೆದವನಿಗೆ ಕೂಲಿ ಸಲ್ಲಬೇಕು, ಗೌರವವೂ ಸಲ್ಲಬೇಕು. ಗಂಟು ಮಾತ್ರ ಮುಂದಕ್ಕೆ ಹೋಗಬೇಕು.

ಆದುದರಿಂದ ಜನಪ್ರಿಯ ಗಾಯಕರ ಸಾಧನೆಯನ್ನು ಮೈದಾನದಲ್ಲಿ ನೆರೆದ ತಲೆಗಳಿಂದ ಎಣಿಸಿದರೆ ಸಾಲದು. ಜನ ಮನೆಗೆ ಹಿಂದಿರುಗಿದ ಮೇಲೆ ಎಷ್ಟು ಬಾಯಿಗಳು ತೆರೆದುವು, ಎಷ್ಟು ಮುಚ್ಚಿದುವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಲೆಕ್ಕದ ಅರ್ಧ ಭಾಗವನ್ನು ತೀರಿಸಬೇಕಾದವರು ಹಾಡುವವರಲ್ಲ, ಕೇಳುವವರು.