ಮನೋರೋಗಕ್ಕೆ ಔಷಧ ಸೇವಿಸುವವರ ಉಪವಾಸ



ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಶ್ರಾವಕರ ಮನೆಗಳಲ್ಲಿ ಉಪವಾಸ, ಏಕಭುಕ್ತ, ರಸಪರಿತ್ಯಾಗಗಳು ಭಕ್ತಿಯಿಂದ ನಡೆಯುತ್ತವೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಮಾತ್ರ ‘ಶಕ್ತಿತಃ’ ಎಂಬ ವಿಶೇಷಣವನ್ನು ಆಚಾರ್ಯರು ಸೇರಿಸಿದ್ದಾರೆ. ವಿನಯಕ್ಕೆ ಮಿತಿಯಿಲ್ಲ, ಭಕ್ತಿಗೆ ಮಿತಿಯಿಲ್ಲ. ದೇಹವನ್ನು ದಂಡಿಸುವಲ್ಲಿ ಮಾತ್ರ ದೇಹದ ಶಕ್ತಿಯನ್ನು ನೋಡಿಕೊಳ್ಳಬೇಕು. ಈ ಮಾತನ್ನು ವಿಶೇಷವಾಗಿ ಮನನ ಮಾಡಬೇಕಾದವರು ಲಿಥಿಯಂ ಎಂಬ ಔಷಧವನ್ನು ಸೇವಿಸುವವರು ಮತ್ತು ಅವರ ಮನೆಯವರು.

ವೈದ್ಯರು ಬೈಪೋಲಾರ್ ಎಂದು ಕರೆಯುವ ವ್ಯಾಧಿಯಲ್ಲಿ ಕೆಲವು ಕಾಲ ನಿದ್ರೆಯೇ ಬೇಡವೆಂಬ ಉನ್ಮಾದ, ಅತಿಮಾತು, ದುಂದುವೆಚ್ಚ. ಮತ್ತೆ ಕೆಲವು ಕಾಲ ಬದುಕೇ ಬೇಡವೆಂಬ ವಿಷಾದ. ಇದು ಗ್ರಹಪೀಡೆಯಲ್ಲ, ಶ್ರದ್ಧೆಯ ಕೊರತೆಯೂ ಅಲ್ಲ. ಅಸಾತಾವೇದನೀಯದ ಉದಯವೆಂದರೂ ಔಷಧವು ಉಪಶಮನಕ್ಕೆ ನಿಮಿತ್ತವಾಗುತ್ತದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ್ದು ವ್ಯರ್ಥವಾಗಿ ಅಲ್ಲ. ಈ ವ್ಯಾಧಿಗೆ ಲಿಥಿಯಂನ ಗುಣವನ್ನು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದನು. ಇಂದಿಗೂ ಇದು ಈ ವ್ಯಾಧಿಯ ಮುಖ್ಯ ಔಷಧಗಳಲ್ಲೊಂದು. 1974ರಲ್ಲಿ ಸ್ಥಾಪಿತವಾದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ದೂರದೂರುಗಳಿಂದಲೂ ಇಂಥ ರೋಗಿಗಳು ಬರುತ್ತಾರೆ.

ಲಿಥಿಯಂ ಒಂದು ಲವಣ. ಮೂತ್ರಪಿಂಡವು ಅದನ್ನು ಅಡಿಗೆಯ ಉಪ್ಪಿನಂತೆಯೇ ಕಾಣುತ್ತದೆ. ದೇಹದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಉಪ್ಪನ್ನು ಹೊರಹಾಕದೆ ಹಿಡಿದಿಡುವ ಮೂತ್ರಪಿಂಡ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಗುಳಿಗೆ ಅಷ್ಟೇ, ರಕ್ತದಲ್ಲಿ ಮಾತ್ರ ಅಂಶ ಏರುತ್ತದೆ. ಹಿತವಾದ ಪ್ರಮಾಣ ಸಾಮಾನ್ಯವಾಗಿ 0.6ರಿಂದ 1.0; 1.5 ದಾಟಿದರೆ ವಿಷದ ಲಕ್ಷಣಗಳು ತೋರತೊಡಗುತ್ತವೆ. ಹಿತಕ್ಕೂ ವಿಷಕ್ಕೂ ಇಷ್ಟು ಕಿರಿದಾದ ಅಂತರವುಳ್ಳ ಔಷಧಗಳು ವಿರಳ.

ಹಲಸೂರಿನ ಒಬ್ಬ ಶ್ರಾವಿಕೆ ವರ್ಷಗಳಿಂದ ಈ ಗುಳಿಗೆಯಿಂದ ಸ್ವಸ್ಥಳಾಗಿರುವಳೆಂದು ಭಾವಿಸಿರಿ. ಪರ್ವದಲ್ಲಿ ಆಕೆ ಉಪ್ಪನ್ನು ತ್ಯಜಿಸುತ್ತಾಳೆ. ನಡುವೆ ನಿರ್ಜಲ ಉಪವಾಸ. ಮೊಣಕಾಲು ನೋವೆಂದು ಅಂಗಡಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ತರಿಸುತ್ತಾಳೆ. ಈ ಮೂರೂ ಒಂದೇ ದಿಕ್ಕಿನಲ್ಲಿ ಲಿಥಿಯಂ ಅನ್ನು ಏರಿಸುವಂಥವು. ನಾಲ್ಕನೆಯ ದಿನ ಕೈ ಬಲವಾಗಿ ನಡುಗಿದರೆ, ವಾಂತಿಯಾದರೆ, ಮಾತು ತೊದಲಿದರೆ, ಮನೆಯವರು ಅದನ್ನು ಉಪವಾಸದ ಆಯಾಸವೆಂದು ತಿಳಿಯುವುದೇ ಹೆಚ್ಚು. ಭಯವಿರುವುದು ಇಲ್ಲಿಯೇ.

ಉಪವಾಸಕ್ಕಾಗಿ ಗುಳಿಗೆಯನ್ನೇ ನಿಲ್ಲಿಸಿಬಿಡುವುದು ಇನ್ನೂ ಕೆಟ್ಟದ್ದು. ಥಟ್ಟನೆ ಬಿಟ್ಟವರಲ್ಲಿ ಉನ್ಮಾದ ಮರುಕಳಿಸುತ್ತದೆ. ಆತ್ಮಹತ್ಯೆಯ ಅಪಾಯವೂ ಹೆಚ್ಚುತ್ತದೆ.

ರಾತ್ರಿಭೋಜನತ್ಯಾಗದ ವಿಚಾರವೊಂದುಂಟು. ಲಿಥಿಯಂನ ರಕ್ತಪರೀಕ್ಷೆಯನ್ನು ಕೊನೆಯ ಗುಳಿಗೆಯಿಂದ 12 ಗಂಟೆಗೆ ಮಾಡಿಸಬೇಕು. ರಾತ್ರಿ 9ಕ್ಕೆ ನುಂಗುವವರಿಗೆ ಬೆಳಿಗ್ಗೆ 9 ಸರಿಯಾದ ಹೊತ್ತು. ಸೂರ್ಯಾಸ್ತಕ್ಕೆ ಮುನ್ನ, 6ಕ್ಕೆ ನುಂಗಿದ ಶ್ರಾವಕನು 9ಕ್ಕೆ ರಕ್ತ ಕೊಟ್ಟರೆ ಅಂಶ ಇರಬೇಕಾದುದಕ್ಕಿಂತ ಕಡಿಮೆ ತೋರುತ್ತದೆ; ಇದನ್ನರಿಯದ ವೈದ್ಯರು ಪ್ರಮಾಣ ಏರಿಸಬಹುದು. ವ್ರತವನ್ನು ವೈದ್ಯರಿಗೆ ಹೇಳುವುದರಲ್ಲಿ ಸಂಕೋಚವೇಕೆ? ಪರೀಕ್ಷೆಯಾಗುವವರೆಗೆ ಬೆಳಗಿನ ಗುಳಿಗೆ ನುಂಗಬಾರದು. ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆಗಳು ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಕೃಷ್ಣರಾಜಪುರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿಬರಲು ದಿನವೇ ಬೇಕೆಂದು ಮುಂದೂಡುವುದುಂಟು. ರಕ್ತವನ್ನು ಸಮೀಪದಲ್ಲಿಯೇ ಪರೀಕ್ಷಿಸಿ ಫಲಿತಾಂಶವನ್ನು ಒಯ್ಯಲು ವೈದ್ಯರನ್ನು ಕೇಳಬಹುದು.

ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ಬಂದ ಕಥೆ ಎಲ್ಲರೂ ಕೇಳಿದುದೇ. ಸಲ್ಲೇಖನಕ್ಕೆ ಅನುಜ್ಞೆ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಶಮನಮಾಡಿಕೋ, ಬಳಿಕ ಮತ್ತೆ ದೀಕ್ಷೆ ತೆಗೆದುಕೋ ಎಂದರೆಂದು ಪರಂಪರೆ ಹೇಳುತ್ತದೆ. ಮಹಾವ್ರತಿಗೇ ಈ ಆಜ್ಞೆಯಾದರೆ, ಅಣುವ್ರತಿಯ ಮನೆಯಲ್ಲಿ ಗುಳಿಗೆಯನ್ನು ಮರೆಯಾಗಿಟ್ಟು ನುಂಗಬೇಕೇ?

ತಪಸ್ಸು ಹನ್ನೆರಡು ಬಗೆಯದು. ಅನಶನ ಅದರಲ್ಲಿ ಒಂದು ಮಾತ್ರ. ಉಪ್ಪಿನ ಬದಲು ತುಪ್ಪವನ್ನೋ ಸಿಹಿಯನ್ನೋ ಬಿಡಬಹುದು. ಸ್ವಾಧ್ಯಾಯವಿದೆ, ವಿನಯವಿದೆ. ರೋಗಿಯ ಸೇವೆ ಮಾಡುವ ಮನೆಯವರದು ವೈಯಾವೃತ್ಯ; ಅದೂ ತಪಸ್ಸೇ. ಆದರೆ ರಾತ್ರಿಯೆಲ್ಲ ಭಜನೆಯ ಜಾಗರಣೆ ಬೇಡ. ನಿದ್ರೆಗೆಟ್ಟರೆ ಉನ್ಮಾದ ಕೆರಳುತ್ತದೆ. ಏಕಭುಕ್ತದಲ್ಲಿ ನೀರನ್ನೂ ಒಂದೇ ಸಲ ಕುಡಿಯುವ ನಿಯಮವನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ವ್ರತ ಕೊಡುವ ಮುನಿಗಳಿಗೂ ಔಷಧದ ವಿಷಯವನ್ನು ಮೊದಲೇ ನಿವೇದಿಸಬೇಕು.

ಬಲವಾದ ನಡುಕ, ವಾಂತಿಭೇದಿ, ತೂರಾಡುವ ನಡಿಗೆ, ಮಂಕು ಕಂಡೊಡನೆ ಮುಂದಿನ ಗುಳಿಗೆ ಕೊಡದೆ, ಶಿವಾಜಿನಗರದ ಬೌರಿಂಗ್‌ನಂಥ ದೊಡ್ಡ ಆಸ್ಪತ್ರೆಗೆ ಅಂದೇ ಕರೆದೊಯ್ದು, ಲಿಥಿಯಂ ಸೇವಿಸುವವರೆಂದು ಮೊದಲು ಹೇಳಬೇಕು. ಮನಸ್ಸಿನ ತೊಂದರೆಗೆ ಸಲಹೆ ಬೇಕಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು.