ಊರಿನ ಆರೋಗ್ಯ ಯಾರ ಹೊಣೆ?

ಒಬ್ಬ ರೋಗಿಗೆ ಮದ್ದು ಕೊಡುವುದಕ್ಕೂ ಒಂದು ಸಮುದಾಯದ ಆರೋಗ್ಯಕ್ಕಾಗಿ ಯೋಜನೆ ಹಾಕುವುದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ರೋಗಿ ತಾನಾಗಿ ವೈದ್ಯರ ಬಳಿ ಬರುತ್ತಾನೆ, ನೋವು ಎಲ್ಲಿ ಎಂದು ತೋರಿಸುತ್ತಾನೆ, ಒಲ್ಲದಿದ್ದರೆ ಎದ್ದು ಹೋಗುತ್ತಾನೆ. ಊರು ಹಾಗೆ ಎದ್ದು ಬರುವುದಿಲ್ಲ. ಯೋಜನೆ ಹಾಕುವವರೇ ಊರಿಗೆ ಹೋಗುತ್ತಾರೆ, ಇಲ್ಲಿ ಇಂಥ ರೋಗವಿದೆ ಎಂದು ಅವರೇ ಹೇಳುತ್ತಾರೆ, ಮದ್ದನ್ನೂ ಅವರೇ ಗೊತ್ತುಮಾಡುತ್ತಾರೆ. ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂಬುದು ವೈದ್ಯಶಾಸ್ತ್ರ ಉತ್ತರಿಸುವ ಪ್ರಶ್ನೆಯಲ್ಲ. ಅದು ಧರ್ಮಜಿಜ್ಞಾಸೆಗೆ ಸೇರಿದ್ದು. ತಮಿಳುನಾಡಿನ ಸೇಲಂ ಜಿಲ್ಲೆಯಲ್ಲೂ 1965ರಲ್ಲಿ ಅದರಿಂದ ಬೇರೆಯಾದ ಧರ್ಮಪುರಿ ಜಿಲ್ಲೆಯಲ್ಲೂ ಮೂರು ದಶಕಗಳಿಂದೀಚೆಗೆ ನಡೆದಿರುವ ಆರೋಗ್ಯದ ಕೆಲಸಗಳನ್ನು ನೋಡಿದರೆ ಈ ಪ್ರಶ್ನೆಗೆ ಕನಿಷ್ಠ ಮೂರು ಬಗೆಯ ಉತ್ತರ ಸಿಗುತ್ತದೆ.

ರೋಗ ಏಕೆ ಬರುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಎರಡು ವಿವರಣೆಗಳು ಹಿಂದಿನಿಂದಲೂ ಅಕ್ಕಪಕ್ಕದಲ್ಲೇ ಬಾಳಿವೆ. ಅವರವರ ಕರ್ಮ ಅವರವರಿಗೆ ಎಂಬುದು ಒಂದು. ಇನ್ನೊಂದು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿದೆ. ಮೈಕಟ್ಟು, ಆಹಾರ, ಬಲ, ವಯಸ್ಸು ಎಲ್ಲವೂ ಬೇರೆಬೇರೆಯಾಗಿರುವ ಜನ ಒಂದೇ ಕಾಲದಲ್ಲಿ ಒಂದೇ ರೋಗಕ್ಕೆ ಬಲಿಯಾಗುವುದು ಹೇಗೆ ಎಂದು ಅಗ್ನಿವೇಶ ಗುರು ಆತ್ರೇಯನನ್ನು ಅಲ್ಲಿ ಕೇಳುತ್ತಾನೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನ. ಅವು ಕೆಟ್ಟರೆ ಊರಿಗೆ ಊರೇ ಕೆಡುತ್ತದೆ ಎಂಬುದು ಉತ್ತರ. ಅವು ಕೆಡುವುದಕ್ಕೆ ಕಾರಣ ಅಧರ್ಮ, ಆ ಅಧರ್ಮ ದೇಶ, ನಗರ, ಊರುಗಳ ಮುಖ್ಯಸ್ಥರಿಂದ ಮೊದಲಾಗಿ ಕೆಳಕ್ಕೆ ಹರಡುತ್ತದೆ ಎಂದೂ ಗ್ರಂಥ ಹೇಳುತ್ತದೆ. ಈ ಮಾತನ್ನು ದೈವಕೋಪದ ಕಥೆಯಾಗಿ ಓದುವುದುಂಟು. ಅದು ಸರಿಯಾದ ಓದಲ್ಲ. ಎಲ್ಲರೂ ಕುಡಿಯುವ ನೀರು ಕೆಟ್ಟಾಗ ರೋಗಿಯ ಹಿಂದಿನ ಜನ್ಮವನ್ನು ಕೆದಕುವ ಬದಲು ಆಳುವವರ ನಡತೆಯನ್ನು ವಿಚಾರಿಸಬೇಕು ಎಂಬ ನಿಲುವು ಅದರಲ್ಲಿದೆ.

ಧರ್ಮಪುರಿಯ ಫ್ಲೋರೈಡ್ ಸಮಸ್ಯೆ ಈ ವಿಚಾರಕ್ಕೆ ನೇರವಾದ ನಿದರ್ಶನ. ಇಲ್ಲಿನ ಗಟ್ಟಿ ಬಂಡೆಯ ನೆಲದಲ್ಲಿ ಅಂತರ್ಜಲ ಆಳಕ್ಕೆ ಇಳಿದಂತೆ ಬೋರ್‌ವೆಲ್‌ಗಳೂ ಆಳಕ್ಕೆ ಇಳಿದವು. ಬಂಡೆಯಲ್ಲಿದ್ದ ಫ್ಲೋರೈಡ್ ನೀರಿಗೆ ಸೇರಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ; ದೊಡ್ಡವರಿಗೆ ಕೀಲು ಹಿಡಿದುಕೊಳ್ಳುತ್ತದೆ, ಬೆನ್ನು ಬಾಗುತ್ತದೆ. ಒಂದೇ ಕೊಳವೆಬಾವಿಯ ನೀರು ಕುಡಿದ ಪುಣ್ಯವಂತನಿಗೂ ಪಾಪಿಗೂ ಒಂದೇ ಫಲ. ಇದಕ್ಕೆ ಪರಿಹಾರವಾಗಿ ಬಂದದ್ದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ. ಜಪಾನಿನ ಸಾಲ ಪಡೆದು ಕಾವೇರಿಯ ನೀರನ್ನು ಶುದ್ಧೀಕರಿಸಿ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ಕೊಳವೆಯಲ್ಲಿ ಕಳಿಸುವ ಈ ಕೆಲಸಕ್ಕೆ 2008ರಲ್ಲಿ ಶಂಕುಸ್ಥಾಪನೆಯಾಯಿತು, 2013ರಲ್ಲಿ ಉದ್ಘಾಟನೆಯಾಯಿತು. 2008ರ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ಇದರ ವಿರುದ್ಧ ದೊಡ್ಡ ಗಲಾಟೆ ಎದ್ದಿತ್ತು. ನದಿ ನೀರಿನ ಹಕ್ಕು, ಗಡಿಯ ಸರ್ವೆ ಇವೆಲ್ಲ ವಾದಕ್ಕೆ ತಕ್ಕ ವಿಷಯಗಳೇ. ಆದರೆ ಪಾವಗಡ, ಬಾಗೇಪಲ್ಲಿಗಳಲ್ಲೂ ಇದೇ ಹಲ್ಲು, ಇದೇ ಬೆನ್ನು ಕಾಣುತ್ತವೆ ಎಂಬ ಮಾತು ಆ ಗದ್ದಲದಲ್ಲಿ ಹೆಚ್ಚು ಕೇಳಿಸಲಿಲ್ಲ.

ನೀರಿನ ಯೋಜನೆಯಲ್ಲಿ ಅಧಿಕಾರದ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಶುದ್ಧ ನೀರು ಬೇಡ ಎನ್ನುವವರು ಯಾರೂ ಇಲ್ಲ, ಕೊಳವೆ ಹಾಕಲು ಯಾರ ಮನಸ್ಸನ್ನೂ ತಿದ್ದಬೇಕಾಗಿಲ್ಲ. ರೋಗದ ಬೇರು ಮನೆಯ ಒಳಗೆ, ನಡಾವಳಿಯಲ್ಲಿ ಇದ್ದಾಗ ಕಷ್ಟ ಮೊದಲಾಗುತ್ತದೆ.

ಅಂಥ ಕಡೆ ಹೊರಗಿನವರು ತಮ್ಮ ಕೆಲಸವನ್ನು ದಾನವೆಂದು ತಿಳಿಯುವುದು ಹಳೆಯ ರೂಢಿ. ಜೈನಧರ್ಮ ಎಣಿಸುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವೂ ಇದೆ. ತಗಡೂರು ಎಂದು ಹೆಸರಾಗಿದ್ದ ಇಂದಿನ ಧರ್ಮಪುರಿ ನೊಳಂಬರ ಕಾಲದಲ್ಲಿ ಜೈನ ನೆಲೆಯಾಗಿತ್ತು. ಒಂಬತ್ತನೆಯ ಶತಮಾನದ ಕೊನೆಯ ಕನ್ನಡ ಶಾಸನ ಇಲ್ಲಿನ ಬಸದಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಅದಕ್ಕೂ ಹಿಂದೆ ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯ ಕಥೆ ತಮಿಳು ನಾಡಿನಲ್ಲೆಲ್ಲ ಮನೆಮಾತು. ಆಯುಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿ ಅವನ ಕೈಗೆ ಸಿಕ್ಕಿತು. ತಾನು ತಿನ್ನದೆ, ಅದರ ಗುಣವನ್ನೂ ಹೇಳದೆ, ಕವಯಿತ್ರಿ ಔವ್ವೈಯಾರಿಗೆ ಕೊಟ್ಟ. ಔದಾರ್ಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆದರೂ ಆರೋಗ್ಯ ಯೋಜನೆಯ ಕಣ್ಣಿನಿಂದ ನೋಡಿದರೆ ಕಥೆಯಲ್ಲಿ ಎರಡು ತೊಡಕು ಕಾಣುತ್ತವೆ. ಯಾರ ಆಯುಸ್ಸು ಹೆಚ್ಚಬೇಕೆಂದು ಗೊತ್ತುಮಾಡಿದವನು ಒಬ್ಬನೇ ಅರಸ. ತಾನು ಏನು ತಿನ್ನುತ್ತಿದ್ದೇನೆಂದು ತಿಂದವಳಿಗೆ ತಿಳಿದಿರಲಿಲ್ಲ. ದಾನದಲ್ಲಿ ಕೊಡುವವನ ಪುಣ್ಯ ಮುಖ್ಯ, ಪಡೆಯುವವನ ಬಾಯಿ ಉಪಕಾರದ ಭಾರದಲ್ಲಿ ಮುಚ್ಚಿರುತ್ತದೆ. ಶರಣರ ದಾಸೋಹದ ಕಲ್ಪನೆ ಕೊಡುವವನನ್ನೇ ದಾಸನಾಗಿಸಿ ಈ ದೋಷವನ್ನು ತಿದ್ದಲು ನೋಡಿತು. ಸರ್ಕಾರಿ ಯೋಜನೆಗಳ ಭಾಷೆಗೆ ಮಾತ್ರ ಆ ವಿನಯ ಇನ್ನೂ ಬಂದಿಲ್ಲ. ಅಲ್ಲಿ ಜನ ಇಂದಿಗೂ ಫಲಾನುಭವಿಗಳೇ.

1992ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ತೊಟ್ಟಿಲ ಮಗು ಯೋಜನೆಯಲ್ಲಿ ದಾನದ ಮಾರ್ಗದ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಹುಟ್ಟಿದ ಹೆಣ್ಣುಕೂಸನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಪಿಡುಗು ಈ ಭಾಗದಲ್ಲಿತ್ತು. ಸಾಕಲಾರದ ಮಗುವನ್ನು ಕೊಲ್ಲಬೇಡಿ, ಆಸ್ಪತ್ರೆಯಲ್ಲಿಟ್ಟ ತೊಟ್ಟಿಲಿಗೆ ಹಾಕಿ ಹೋಗಿ, ಹೆಸರು ಹೇಳಬೇಕಿಲ್ಲ ಎಂದು ಸರ್ಕಾರ ಸಾರಿತು. 2001ರಲ್ಲಿ ಧರ್ಮಪುರಿ, ಮದುರೈ, ತೇಣಿ, ದಿಂಡಿಗಲ್ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಲಾಯಿತು. ಅದೇ ವರ್ಷದ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 851 ಹೆಣ್ಣು ಮಾತ್ರ ಇದ್ದವು. ತೊಟ್ಟಿಲಿಗೆ ಬಂದ ಒಂದೊಂದು ಮಗುವೂ ಉಳಿದ ಒಂದೊಂದು ಜೀವ. ಅದನ್ನು ಹಗುರವಾಗಿ ಕಾಣುವ ನೀತಿಶಾಸ್ತ್ರ ಯಾವುದಾದರೂ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಟೀಕಾಕಾರರು ಎತ್ತಿದ ಆಕ್ಷೇಪವೂ ಅಷ್ಟೇ ತೂಕದ್ದು: ಹೆಣ್ಣು ಬೇಡವಾದರೆ ಸರ್ಕಾರಕ್ಕೆ ಕೊಡಿ ಎಂದಾಗ ಬೇಡ ಎಂಬುದನ್ನು ಒಪ್ಪಿಕೊಂಡಂತೆಯೇ ಆಯಿತು. ವರದಕ್ಷಿಣೆಯ ಲೆಕ್ಕ, ಗಂಡನ ಮನೆಯ ಒತ್ತಡ ಇದ್ದಲ್ಲೇ ಇದ್ದವು. ಬಾಣಂತಿ ಮಾತ್ರ ಬರಿಗೈಯಲ್ಲಿ ಮನೆಗೆ ಹೋದಳು.

ಇದಕ್ಕೆ ಸುಲಭದ ಉತ್ತರವೊಂದಿದೆ: ಯೋಜನೆಯನ್ನು ಜನರ ಕೈಗೇ ಕೊಡಿ. 1978ರ ಆಲ್ಮಾ ಆಟಾ ಘೋಷಣೆ ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿದೆ. ಆದರೆ ಜನ ಎಂದರೆ ಯಾರು? ತೊಟ್ಟಿಲ ಯೋಜನೆ ಬಂದ ದಿನಗಳಲ್ಲಿ ಊರ ಹಿರಿಯರನ್ನು ಆಲದ ಮರದ ಕೆಳಗೆ ಕೂಡಿಸಿ ನಿಮ್ಮ ಊರಿನ ದೊಡ್ಡ ರೋಗ ಯಾವುದು ಎಂದು ಕೇಳಿದ್ದರೆ ಶಿಶುಹತ್ಯೆ ಎಂಬ ಉತ್ತರ ಬರುತ್ತಿರಲಿಲ್ಲ. ಅದು ಅವರಿಗೆ ರೋಗವಾಗಿ ಕಾಣುತ್ತಿರಲಿಲ್ಲ, ಮನೆವಾರ್ತೆಯಾಗಿತ್ತು. ಸಮುದಾಯ ಎಂಬ ಪದ ಎಲ್ಲರನ್ನೂ ಒಂದೇ ಬಾಯಿಯವರಂತೆ ತೋರಿಸುತ್ತದೆ. ಒಳಗೆ ಮಾತಾಡುವವರು ಬೇರೆ, ಕಳೆದುಕೊಳ್ಳುವವರು ಬೇರೆ. ಆದ್ದರಿಂದ ಒಪ್ಪಿಗೆ ಪಡೆಯುವುದು ಎಂದರೆ ಊರ ಗೌಂಡರ ಸಹಿ ಪಡೆಯುವುದಲ್ಲ. ತಪ್ಪಿದರೆ ಯಾರಿಗೆ ಪೆಟ್ಟೋ ಅವರ ಮಾತು ಹೊರಗೆ ಬರುವಂತೆ ಮಾಡುವುದು ಯೋಜನೆಯ ಮೊದಲ ನೈತಿಕ ಕೆಲಸ.

ಧರ್ಮಪುರಿಯಲ್ಲಿ ಆ ಕೆಲಸ ಒಂದು ರಿಜಿಸ್ಟರಿನಿಂದ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಳ್ಳಿಯ ಆರೋಗ್ಯ ನರ್ಸ್‌ಗಳು ಶಿಶುಮರಣಗಳನ್ನು ಬರೆದಿಡುತ್ತಿದ್ದರು. ಕಾರಣದ ಜಾಗದಲ್ಲಿ ಭೇದಿ, ನ್ಯುಮೋನಿಯಾ, ತೂಕ ಕಡಿಮೆ ಎಂಬ ಮಾತುಗಳ ನಡುವೆ ಕೆಲವೆಡೆ ‘ಸಾಮಾಜಿಕ ಕಾರಣ’ ಎಂದು ಇರುತ್ತಿತ್ತು. ಕೊಲೆ ಎಂದು ಬರೆಯುವಂತಿಲ್ಲ, ಬರೆದರೆ ಪೊಲೀಸು, ಮರುದಿನ ಆ ಊರಿನ ಬಾಗಿಲೇ ನರ್ಸಿಗೆ ಮುಚ್ಚುತ್ತದೆ. ಸುಳ್ಳು ರೋಗದ ಹೆಸರು ಬರೆಯಲು ಮನಸ್ಸು ಒಪ್ಪದು. ಸತ್ಯ ಮತ್ತು ಅಹಿಂಸೆಗಳ ನಡುವಿನ ಇಕ್ಕಟ್ಟನ್ನು ಒಬ್ಬ ಕೆಳದರ್ಜೆಯ ನೌಕರಳು ಎರಡು ಪದಗಳಲ್ಲಿ ದಾಟಿದ ಬಗೆ ಇದು. ಶೀಲಾರಾಣಿ ಚುಂಕತ್ ಮತ್ತು ವೆಂಕಟೇಶ್ ಆತ್ರೇಯ ಈ ದಾಖಲೆಗಳನ್ನೇ ಒಟ್ಟುಗೂಡಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ತಮಿಳುನಾಡಿನಲ್ಲಿ ಹೆಣ್ಣು ಶಿಶುಹತ್ಯೆ ಎಲ್ಲೆಲ್ಲಿ ಹಬ್ಬಿದೆ ಎಂಬುದನ್ನು ತೋರಿಸಿತು. ಅದರ ಬೆನ್ನಿಗೆ ಧರ್ಮಪುರಿ ಜಿಲ್ಲೆಯಲ್ಲಿ ಡೆನ್ಮಾರ್ಕಿನ ನೆರವಿನ ಆರೋಗ್ಯ ಯೋಜನೆಯ ಅಡಿಯಲ್ಲಿ ‘ಕಲೈಪಯಣಂ’ ಎಂಬ ಬೀದಿನಾಟಕದ ಅಭಿಯಾನ ಊರೂರು ಸುತ್ತಿತು. ಉಪದೇಶ ಮಾಡದೆ ಹಾಡು, ಕುಣಿತ, ಆಟಗಳಲ್ಲಿ ಹೆಣ್ಣಿನ ಬಾಳನ್ನು ಹುಟ್ಟಿನಿಂದ ಮದುವೆಯವರೆಗೆ ಮುಂದಿಟ್ಟಾಗ, ನಾಲ್ಕು ಗೋಡೆಯ ಒಳಗಿನ ಗುಟ್ಟು ಬೀದಿಯ ಮಾತಾಯಿತು. ತೊಟ್ಟಿಲು ಹಾಗೂ ಪೊಲೀಸು ಮಾಡಲಾಗದ್ದು ಇಲ್ಲಿ ಸಾಧ್ಯವಾಯಿತು. ತೊಟ್ಟಿಲು ಕೂಸನ್ನು ಊರಿನಿಂದ ಹೊರಗೆ ಒಯ್ದರೆ, ನಾಟಕ ಊರನ್ನೇ ಕೂಸಿನ ಮುಂದೆ ತಂದು ನಿಲ್ಲಿಸಿತು.

ಮೂರನೆಯ ಮಾರ್ಗ ಸಿತ್ತಿಲಿಂಗಿಯದು. ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಮಲಯಾಳಿ ಬುಡಕಟ್ಟಿನವರು (ಇವರಿಗೂ ಕೇರಳದ ಮಲಯಾಳಿಗಳಿಗೂ ಸಂಬಂಧವಿಲ್ಲ) ಮತ್ತು ಲಂಬಾಣಿಗಳು ವಾಸಿಸುತ್ತಾರೆ. ಗಾಂಧಿಗ್ರಾಮದಲ್ಲಿ ಕೆಲಸ ಮಾಡಿದ್ದ ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ 1993ರಲ್ಲಿ ಇಲ್ಲಿ ಟ್ರೈಬಲ್ ಹೆಲ್ತ್ ಇನಿಶಿಯೇಟಿವ್ ಆರಂಭಿಸಿದರು. ಆಗ ಶಿಶುಮರಣ ಸಾವಿರ ಜನನಕ್ಕೆ 147ರಷ್ಟಿತ್ತು. ಶಸ್ತ್ರಚಿಕಿತ್ಸೆ ಸಿಗುವ ಆಸ್ಪತ್ರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಿತ್ತು. ಬೆಟ್ಟದ ಜನರ ನೆರವಿನಿಂದ ಕಟ್ಟಿದ ಗುಡಿಸಲು, ಒಂದು ಮರದ ಬೆಂಚು, ನೂರು ವಾಟಿನ ಒಂದು ಬಲ್ಬು: ಮೊದಲ ಹೆರಿಗೆಗಳು, ತುರ್ತು ಚಿಕಿತ್ಸೆಗಳು ಅಲ್ಲೇ ನಡೆದವು. ಕಣಿವೆಯ ಹುಡುಗಿಯರನ್ನೇ ನರ್ಸ್‌ಗಳಾಗಿ ತಯಾರು ಮಾಡಲಾಯಿತು. ಊರೂರಿನಿಂದ ನಡುವಯಸ್ಸಿನ ಹೆಂಗಸರು ಆರೋಗ್ಯ ಸಹಾಯಕಿಯರಾಗಿ ಬಂದರು. ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಕೂಸಿನ ತೂಕ ಹಿಡಿಯುವುದು, ಅಪಾಯದ ಲಕ್ಷಣ ಕಂಡ ಕೂಡಲೇ ಆಸ್ಪತ್ರೆಗೆ ಕಳಿಸುವುದು ಅವರ ಕೆಲಸ. ಹೆರಿಗೆಯಾದ ಹೆಂಗಸಿನ ಮಾತನ್ನು ಇನ್ನೊಬ್ಬ ಹೆಂಗಸು, ಅದೇ ಊರಿನ ಸೊಸೆ, ಮೊದಲು ಕೇಳುತ್ತಾಳೆ. ವೈದ್ಯರು ಕೇಳುವುದು ಆಮೇಲೆ. ಶಿಶುಮರಣದ ಪ್ರಮಾಣ ಕ್ರಮೇಣ 20ರ ಆಸುಪಾಸಿಗೆ ಇಳಿಯಿತು.

ಹೀಗೆ ಕೇಳುತ್ತ ಹೋದಾಗ ಯೋಜನೆಯ ಎಲ್ಲೆಯೇ ಸರಿಯಿತು. ಸಾಮೆ, ರಾಗಿ ಬಿಟ್ಟು ಮಾರುಕಟ್ಟೆಯ ಬೆಳೆಗಳಿಗೆ ತಿರುಗಿದ ಕುಟುಂಬಗಳು ಗೊಬ್ಬರದ ಸಾಲಕ್ಕೆ ಬಿದ್ದು ಕೂಲಿಗೆ ವಲಸೆ ಹೋಗುತ್ತಿದ್ದವು. ತಟ್ಟೆಯಲ್ಲಿ ಊಟ ಬಡವಾಗಿತ್ತು. ಇದನ್ನು ಮಾತ್ರೆಯಿಂದ ಸರಿಪಡಿಸಲಾಗದು. ಆಸ್ಪತ್ರೆಯಿಂದ ಹುಟ್ಟಿದ ಕೆಲಸ ಸಾವಯವ ರೈತರ ಸಂಘವಾಗಿಯೂ, ಲಂಬಾಣಿ ಹೆಂಗಸರ ಕಸೂತಿಯನ್ನು ಮತ್ತೆ ಬದುಕಿಸಿದ ‘ಪೊರ್ಗೈ’ ಸಂಘವಾಗಿಯೂ ಬೆಳೆಯಿತು. ಚರಕಸಂಹಿತೆಯ ಆತ್ರೇಯ ಹೇಳಿದ ನಾಲ್ಕರಲ್ಲಿ ನೆಲವೂ ಒಂದು ಎಂಬುದನ್ನು ಇಲ್ಲಿ ನೆನೆಯಬಹುದು. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಚಿಕಿತ್ಸೆಯಿಂದ ಹೊರಟು ಶಾಲೆ, ಕಾಡಿನ ಹಕ್ಕುಗಳವರೆಗೆ ನಡೆದದ್ದು ಇದೇ ದಾರಿಯಲ್ಲಿ.

ಆದರೆ ನೆಲ್ಲಿಕಾಯಿಯ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ. ಕಾಯಿ ಒಂದೇ, ಬಾಯಿ ಹಲವು. ಹಣವೂ ವೈದ್ಯರೂ ಕಡಿಮೆಯಿದ್ದಾಗ ಕಣಿವೆಯ ಹಸುಗೂಸುಗಳಿಗೆ ಖರ್ಚು ಮಾಡಬೇಕೋ, ಹೆಚ್ಚು ಜನ ವಾಸಿಸುವ ಬಯಲಿನ ಪೇಟೆಗೋ? ತಲೆ ಎಣಿಸುವ ಲೆಕ್ಕ ಬಯಲಿನ ಕಡೆಗೆ ವಾಲುತ್ತದೆ. ಕಡೆಯವನಿಂದ ಎಣಿಕೆ ಆರಂಭಿಸಬೇಕೆಂಬ ಗಾಂಧಿಯವರ ನಿಲುವು ಕಣಿವೆಯ ಕಡೆಗೆ. ಭಾರತದ ಆರೋಗ್ಯ ನೀತಿ ಎರಡನ್ನೂ ಬೆರೆಸಿಕೊಂಡಿದೆ: ಬಯಲಿನಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000ಕ್ಕೆ ಒಂದು. ಬೆಟ್ಟದ ದಾರಿಗೆ ಕೊಟ್ಟ ಈ ರಿಯಾಯಿತಿ ಕಾಗದದ ಮೇಲೆ ನ್ಯಾಯವೇ ಸರಿ. ಕೇಂದ್ರವಿದ್ದೂ ರಾತ್ರಿ ವೈದ್ಯರಿಲ್ಲದ ಕಡೆ ಅದಕ್ಕೆ ಬೆಲೆಯಿಲ್ಲ.

ಹೊರಗಿನಿಂದ ಬಂದವರು ಯಾವಾಗ ಹೊರಡಬೇಕು ಎಂಬುದು ಯೋಜನೆಯ ಕೊನೆಯ ಪ್ರಶ್ನೆ. ಅದನ್ನು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಅನುದಾನದ ಅವಧಿ ಮುಗಿದ ದಿನ ಮುಗಿಯುವ ಯೋಜನೆ ಜನರದ್ದಾಗಿರುವುದಿಲ್ಲ. ಹೊರಗಿನವರು ಹೋಗುವುದೇ ಇಲ್ಲವಾದರೆ ಆಗಲೂ ಅದು ಜನರದ್ದಲ್ಲ. ಯಾವ ಕೆಲಸ ಎಷ್ಟು ಬೇಗ ಕೈ ಬದಲಾಯಿಸುತ್ತದೆ ಎಂಬುದು ಕೆಲಸದ ಸ್ವಭಾವದ ಮೇಲೆ ನಿಂತಿದೆ. ಕೂಸಿನ ತೂಕ ಹಿಡಿಯುವುದು, ಹೆರಿಗೆಗೆ ನಿಲ್ಲುವುದು, ರೈತ ಸಂಘದ ಲೆಕ್ಕ ಇಡುವುದು ಒಂದು ತಲೆಮಾರಿನೊಳಗೆ ಊರಿನವರ ಕೈಗೆ ಬರುತ್ತವೆ. ಶಸ್ತ್ರಚಿಕಿತ್ಸೆ ಕಲಿಯಲು ಕಣಿವೆಯ ಮಕ್ಕಳು ಶಾಲೆ, ಪ್ರವೇಶ ಪರೀಕ್ಷೆ, ವೈದ್ಯಕೀಯ ಕಾಲೇಜು ದಾಟಿ ಮತ್ತೆ ಕಣಿವೆಗೆ ಬರಬೇಕು. ಅಲ್ಲಿಯತನಕ ಆ ಒಂದು ಕೆಲಸ ಹೊರಗಿನಿಂದ ಬರುವ ವೈದ್ಯರನ್ನೇ ನೆಚ್ಚಿಕೊಂಡಿರುತ್ತದೆ.